ಪಪ್ಪನ ಎಲೆಗೊಂದು ಬೆಚ್ಚಗಿನ ಸಲಾಡ್

ಪ್ರೀತಿಯ ಪಪ್ಪಾ,

ನೀವೀಗ ಒಳಗೆ ಊಟ ಮಾಡ್ತಾ ಇದ್ದೀರಿ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತಿದ್ದೇನೆ. ಆಟಿ ತಿಂಗಳಲ್ವಾ, ಹೋದವರಿಗೆ ಬಡಿಸುವ ದಿವಸ ಇವತ್ತು. ನಿಮ್ಮ ಹೆಸರಿನಲ್ಲಿ ಎಲೆ ಹಾಕಿದ್ದು ಇದೇ ಮೊದಲು. ನಿಮಗೆ ಇಷ್ಟವಾದದ್ದೆಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಕಾಯಬೇಕು, ನೀವು ಬಂದು ನೆಮ್ಮದಿಯಲ್ಲಿ ಉಂಡು ಹೋಗ್ಲಿಕ್ಕೆ. ಊರಿನಲ್ಲಾದರೆ ಕಾಯಲು ಅಂಗಳ ಉಂಟು. ಡೊಂಬಿವಲಿಯ ನಾಲ್ಕನೇ ಮಾಳಿಗೆಯಲ್ಲಿ ನಮಗೆ ಸಿಕ್ಕಿದ್ದು ಈ ಮೆಟ್ಟಿಲು. ಅಮ್ಮ ನನ್ನ ಮೇಲಿನ ಮೆಟ್ಟಿಲಲ್ಲಿದ್ದಾಳೆ. ಬಡಿಸ್ಲಿಕ್ಕೆ ಅಂತ ಕಲ್ಯಾಣದಿಂದ ಬಂದ ಮಾವ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಗೋಡೆಗೆ ಒರಗಿದ್ದಾರೆ. ನನ್ನ ಕೈಯಲ್ಲಿರುವುದು ನಿಮ್ಮ ಬಿಪಿ ಬರೆದಿಡುತ್ತಿದ್ದ ಪುಸ್ತಕ. ಖಾಲಿ ಹಾಳೆ ತುಂಬ ಉಳಿದಿವೆ.

ಕಾಲು ಗಂಟೆ ಬಾಗಿಲು ಮುಟ್ಟಬಾರದು ಅಂದಿದ್ದಾರೆ ಮಾವ. ಕಾಲು ಗಂಟೆ ಸುಮ್ಮನೆ ಕೂತದ್ದು ನಾನು ಯಾವಾಗ, ನೀವೇ ಹೇಳಿ? ಈಗಾಗಲೇ ಎರಡು ಸಲ ಎದ್ದು ಕಿವಿ ಇಟ್ಟು ಕೇಳಿದೆ. "ಅವರು ಉಣ್ಣುವಾಗಲಾದರೂ ಬಿಡು ಮಾರಾಯ್ತಿ" ಅಂತ ಅಮ್ಮ ಸೆರಗು ಹಿಡಿದು ಕೂರಿಸಿದಳು. ಅದಕ್ಕೇ ಬರೆಯಲು ಕೂತೆ. ಮಾತು ತುಳುವಿನಲ್ಲಿ ಇರಲಿ, ಬರೆಯುವುದಾದರೆ ಕನ್ನಡದಲ್ಲಿ ಬರಿ ಅಂತ ಕಲಿಸಿದವರು ನೀವು. ಹಗಲು ಹೋಟೆಲಿನಲ್ಲಿ ಪಾತ್ರೆ ತಿಕ್ಕಿ, ಆಮೇಲೆ ರಾತ್ರಿ ಶಾಲೆಗೆ ಹೋಗಿ ಕಲಿತ ಕನ್ನಡ ನಿಮ್ಮದು. ತಪ್ಪಿದ್ದರೆ ತಿದ್ದಿಕೊಳ್ಳಿ.

ಆ ಗೆರೆ ಗೆರೆಯ ಗ್ರಿಲ್ ತವಾ ಮನೆಗೆ ಬಂದ ದಿನ ನೆನಪುಂಟಾ? ನಿಮಗೆ ಎದೆನೋವಾಗಿ ಹದಿನೈದು ದಿನ ಆಗಿತ್ತು. ಉಪ್ಪು ಬೇಡ, ಎಣ್ಣೆ ಬೇಡ, ತೆಂಗಿನಕಾಯಿಯ ಹೆಸರೂ ಎತ್ತಬೇಡಿ ಅಂತ ಡಾಕ್ಟರು ಹೇಳಿದ್ದರು. ನಾನು ರಬಾಳೆಯ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿ ಕಲಿತೆ. ಎಲುಬಿಲ್ಲದ ಕೋಳಿ, ಅದನ್ನು ಸುಟ್ಟು, ಸೊಪ್ಪಿನ ಮೇಲೆ ಹರಡಿ ಬೆಚ್ಚಗೆ ತಿನ್ನುವುದು. ನೀವು ತವಾ ತಿರುಗಿಸಿ ಮುರುಗಿಸಿ ನೋಡಿ, "ಇದು ಎಂತದು, ಬಟ್ಟೆ ಒಗೆಯುವ ಕಲ್ಲಾ?" ಅಂದಿರಿ. ನಲವತ್ತು ವರ್ಷ ತುರ್ಭೆಯ ಹೋಟೆಲಿನಲ್ಲಿ ಮೂಟೆ ಹೊರುವವರಿಗೆಲ್ಲ ಕೋಳಿ ಸುಕ್ಕ ಮಾಡಿ ಹಾಕಿದ ಮನುಷ್ಯ ನೀವು. ನಿಮ್ಮ ಮುಂದೆ ನಾನು ತಂದಿಟ್ಟದ್ದು ಸೌತೆ, ಟೊಮೆಟೊ, ಹಸಿರೆಲೆ. ಬೆಚ್ಚಗಿನ ಹುಲ್ಲು ಅಂತ ಹೆಸರಿಟ್ಟಿರಿ. ಆದರೆ ತಿಂದಿರಿ. ಹನ್ನೊಂದು ತಿಂಗಳು ಅದನ್ನೇ ತಿಂದಿರಿ.

ಹೆಸರಿಗೆ ಮಾತ್ರ ಬೆಚ್ಚಗಿನದು, ಅಲ್ವಾ? ಬೆಳಿಗ್ಗೆ ಏಳು ಗಂಟೆಗೆ ಮಾಡಿ ಮುಚ್ಚಿಟ್ಟು ನಾನು ಫಾಸ್ಟ್ ಲೋಕಲ್ ರೈಲಿಗೆ ಓಡುತ್ತಿದ್ದೆ, ಠಾಣೆಯಲ್ಲಿ ಇಳಿದು ರಬಾಳೆಗೆ ಇನ್ನೊಂದು ಗಾಡಿಗೆ ಓಡುತ್ತಿದ್ದೆ. ನೀವು ಒಂದು ಗಂಟೆಗೆ ಆ ತಣ್ಣಗಾದದ್ದನ್ನು ತಿನ್ನುತ್ತಿದ್ದಿರಿ. ಒಂದು ದಿನ ನಾನು ತವಾದಿಂದ ತೆಗೆದು ನೇರ ಮಣೆಯ ಮೇಲೆ ಹಾಕಿ ಕತ್ತರಿಸುವಾಗ ನೀವು ಹಿಂದೆ ಬಂದು ನಿಂತಿರಿ. "ಕೂಡಲೇ ಕತ್ತರಿಸಬೇಡ ಮಗಾ. ಐದು ನಿಮಿಷ ಹಾಗೇ ಬಿಡು. ಈಗ ಕತ್ತರಿಸಿದರೆ ರಸ ಎಲ್ಲ ಮಣೆಗೆ, ನನಗೆ ಬರೀ ನಾರು." ನಾನು ಹೇಳಿದ್ದು ಎಂತ? "ಪಪ್ಪಾ, ಇದು ನಿಮ್ಮ ಹೋಟೆಲ್ ಅಲ್ಲ. ನನಗೆ ಗಾಡಿ ಹೋಗ್ತದೆ." ಮತ್ತೆ ನಾನು ಅಡುಗೆ ಮಾಡುವಾಗ ನೀವು ಒಳಗೆ ಬರುವುದನ್ನೇ ಬಿಟ್ಟಿರಿ. ಆ ಐದು ನಿಮಿಷ ಉಳಿಸಿ ನಾನು ಯಾವ ರಾಜ್ಯ ಆಳಿದೆ?

ಆ ಕೊನೆಯ ಭಾನುವಾರ. ಇದನ್ನು ಅಮ್ಮನಿಗೂ ಹೇಳಿಲ್ಲ. ಅವಳು ಬಟ್ಟೆ ಒಣಗಿಸಲು ಟೆರೇಸಿಗೆ ಹೋಗಿದ್ದಳು. ನೀವು ಎರಡು ತುಂಡು ತಿಂದು, ಮೇಜಿನ ಆಚೆ ಬದಿಗಿದ್ದ ಉಪ್ಪಿನ ಡಬ್ಬಿಗೆ ಕೈ ಚಾಚಿದಿರಿ. ಒಂದು ಚಿಟಿಕೆ ಹಾಕಿಕೊಳ್ಳುತ್ತಿದ್ದಿರೋ ಏನೋ. ನಾನು ಡಬ್ಬಿ ಕಿತ್ತುಕೊಂಡೆ ಪಪ್ಪಾ. ಸರಿಸಿದ್ದಲ್ಲ, ನಿಮ್ಮ ಬೆರಳು ಡಬ್ಬಿಯ ಮೇಲಿರುವಾಗಲೇ ಕಿತ್ತುಕೊಂಡೆ. "ಸಾಯಬೇಕು ಅಂತ ಉಂಟಾ ನಿಮಗೆ?" ಅಂತಲೂ ಕೇಳಿದೆ. ನೀವು ನನ್ನ ಮುಖ ನೋಡಲಿಲ್ಲ. ಉಳಿದದ್ದನ್ನು ತಿಂದು, ತಟ್ಟೆ ತೊಳೆದಿಟ್ಟು, ಟೀವಿ ಮುಂದೆ ಹೋಗಿ ಕೂತಿರಿ. ಮಂಗಳವಾರ ನೀವಿರಲಿಲ್ಲ.

ಒಂದು ಚಿಟಿಕೆ ಉಪ್ಪಿನಿಂದ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲವೋ ಏನೋ. ಗಾಡಿಯಲ್ಲಿ ನಿಂತಿರುವಾಗ, ಆಫೀಸಿನಲ್ಲಿ ಕಾಗದ ತಿರುವುವಾಗ, ನಿಮ್ಮ ಆ ಕೈ ಕಣ್ಣ ಮುಂದೆ ಬಂದು ಮೇಜಿನ ಮೇಲೆ ಚಾಚಿಕೊಳ್ಳುತ್ತದೆ. ನಾನು ಮಾಡಿದ್ದು ಸರಿಯಾ ತಪ್ಪಾ ಅಂತ ಕೇಳೋಣ ಎಂದರೆ ಕೇಳಬೇಕಾದವರೇ...

ಹಾಗಾಗಿ ಇವತ್ತು ಬೆಳಿಗ್ಗೆ ಜಗಳ ಆಯ್ತು. ಅಮ್ಮ ಐದಕ್ಕೇ ಎದ್ದು ಕೋಳಿ ಸಾರು ಮಾಡಿದ್ದಳು, ಒಣ ರೊಟ್ಟಿ ತಂದಿಟ್ಟಿದ್ದಳು, ಬಂಗುಡೆ ಮೀನು ಹುರಿದಿದ್ದಳು. ನಾನು ಗ್ರಿಲ್ ತವಾ ಇಳಿಸಿದ್ದು ನೋಡಿ ಸೌಟು ಹಿಡಿದುಕೊಂಡೇ ನಿಂತಳು. "ಸೊಪ್ಪು ತಿನ್ನಿಸಿಯೇ ಕಳಿಸಿದ್ದಿ. ಇನ್ನು ಅಲ್ಲಿಗೂ..." ಅಷ್ಟಕ್ಕೇ ನಿಲ್ಲಿಸಿದಳು. ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಒಂದು ಸಲ ಸರಿಯಾಗಿ ಮಾಡಿಕೊಡ್ತೇನೆ ಅಮ್ಮ, ಅವರು ಹೇಳಿದ ಹಾಗೆ" ಅಂದೆ. ಅವಳು ಸಾರಿನ ಒಲೆ ಸಣ್ಣ ಮಾಡಿದಳು. "ಮಾಡು. ಆದರೆ ರುಚಿ ನೋಡಬಾರದು. ಎಲೆಗೆ ಬಡಿಸುವ ಮೊದಲು ಯಾರ ಬಾಯಿಗೂ ಹೋಗಬಾರದು" ಅಂದಳು.

ಹೇಗೆ ಮಾಡಿದೆ ಅಂತ ಹೇಳ್ತೇನೆ, ಎಲೆ ನಿಮ್ಮ ಮುಂದೆಯೇ ಉಂಟಲ್ಲ, ಸರಿಯಾ ನೋಡಿ. ಕೋಳಿಯನ್ನು ಫ್ರಿಜ್ಜಿನಿಂದ ಮೊದಲೇ ತೆಗೆದು ತಂಪು ಬಿಡುವವರೆಗೆ ಹೊರಗಿಟ್ಟೆ. ದಪ್ಪ ಇದ್ದ ಕಡೆ ಲಟ್ಟಣಿಗೆಯಿಂದ ತಟ್ಟಿ ಸಮ ಮಾಡಿದೆ. ಬೆಳ್ಳುಳ್ಳಿ ಜಜ್ಜಿ, ಕಾಳುಮೆಣಸು ಕುಟ್ಟಿ, ಲಿಂಬೆರಸ, ಎರಡು ಚಮಚ ಎಣ್ಣೆ ಹಚ್ಚಿದೆ. ಅಷ್ಟರಲ್ಲಿ ಬೆಲ್ ಆಯ್ತು, ಮಾವ ಬಾಳೆಲೆ ಹಿಡಿದುಕೊಂಡು ಬಂದರು. ಬಾಗಿಲು ತೆಗೆದು, ನೀರು ಕೊಟ್ಟು ಬಂದೆ. ತವಾ ಹೊಗೆಯಾಡುವವರೆಗೆ ಕಾಯಿಸಿ ಒಂದು ಬದಿ ಐದು ನಿಮಿಷ, ಇನ್ನೊಂದು ಬದಿ ನಾಲ್ಕು. ತೆಗೆದು ಮಣೆಯ ಮೇಲೆ ಇಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತೆ. ಐದು ನಿಮಿಷ, ಪಪ್ಪಾ. ಗೋಡೆಯ ಗಡಿಯಾರ ನೋಡುತ್ತಾ ನಿಂತೆ. ಕತ್ತರಿಸಿದಾಗ ಮಣೆ ಒದ್ದೆಯಾಗಲಿಲ್ಲ. ಅದೇ ತವಾದಲ್ಲಿ ಈರುಳ್ಳಿ ಬಾಡಿಸಿ, ಉಳಿದ ರಸಕ್ಕೆ ಇನ್ನಷ್ಟು ಲಿಂಬೆ ಹಿಂಡಿ, ಬಿಸಿ ಇರುವಾಗಲೇ ಕೋಳಿಯ ಜೊತೆ ಸೌತೆ, ಸೊಪ್ಪಿನ ಮೇಲೆ ಸುರಿದೆ. ಎಲ್ಲ ನೀವು ಹೇಳಿದ ಹಾಗೆಯೇ. ಬೆಳ್ಳುಳ್ಳಿ, ಮೆಣಸು, ಲಿಂಬೆ, ಎಣ್ಣೆ...

ಉಪ್ಪು ಹಾಕಲಿಲ್ಲ.

ಪಪ್ಪಾ, ಉಪ್ಪು ಹಾಕಲೇ ಇಲ್ಲ. ಡಬ್ಬಿಯನ್ನು ಇದಕ್ಕೇ ಅಂತ ಇಳಿಸಿ ಒಲೆಯ ಪಕ್ಕ ಇಟ್ಟಿದ್ದೆ. ಹನ್ನೊಂದು ತಿಂಗಳು ಹಾಕದೇ ಅಭ್ಯಾಸವಾದ ಕೈ, ಇವತ್ತೂ ಹಾಕಲಿಲ್ಲ. ರುಚಿ ನೋಡಿದ್ದರೆ ಗೊತ್ತಾಗುತ್ತಿತ್ತು, ನೋಡುವ ಹಾಗಿರಲಿಲ್ಲ.

ಇಲ್ಲಿಗೆ ಬರೆಯುವುದು ನಿಲ್ಲಿಸಿ ಎದ್ದುಬಿಟ್ಟೆ. ಆಮೇಲೆ ಆದದ್ದು ಈಗ ಕೂತು ಬರೆಯುತ್ತಿದ್ದೇನೆ.

ಬಾಗಿಲಿಗೆ ಕೈ ಹಾಕಿದೆ. ಮಾವ ಅಡ್ಡ ಬಂದರು. "ಎಂತ ಮಾಡ್ತಿ? ಇನ್ನೂ ಐದು ನಿಮಿಷ ಉಂಟು." ಸಲಾಡಿಗೆ ಉಪ್ಪಿಲ್ಲ ಅಂದೆ. "ಅಷ್ಟೇಯಾ? ಸಾರಿನಲ್ಲಿ ಉಂಟಲ್ಲ" ಅಂದರು. ಆಗ ಎಲ್ಲ ಹೇಳಿಬಿಟ್ಟೆ, ಅಮ್ಮನ ಎದುರೇ. ಡಬ್ಬಿ ಕಿತ್ತುಕೊಂಡದ್ದು, ಕೇಳಿದ ಮಾತು, ಎಲ್ಲ. ಹೇಳಿ ಮುಗಿಯುವಷ್ಟರಲ್ಲಿ ಒಳಗೆ ನನ್ನ ಫೋನು ಕೂಗಲು ಶುರುವಾಯ್ತು. ಒಂದು ಗಂಟೆಯ ಅಲಾರಂ, ನಿಮ್ಮ ಮಾತ್ರೆಯದ್ದು. ತೆಗೆಯಲು ಇಷ್ಟು ದಿನ ಮನಸ್ಸೇ ಬಂದಿರಲಿಲ್ಲ. ನೀವು ಎಲೆಯ ಮುಂದೆ ಕೂತಿದ್ದೀರಿ, ಅದು ಕೂಗುತ್ತಲೇ ಉಂಟು. ಅಮ್ಮ ಹಣೆಗೆ ಕೈ ಇಟ್ಟುಕೊಂಡು, "ಊಟದ ಮಧ್ಯೆಯೂ ಮಾತ್ರೆ ನುಂಗಿಸ್ತಿಯಲ್ಲ ನೀನು" ಅಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ.

ಹೊತ್ತಾದ ಮೇಲೆ ಮಾವ ಮೂರು ಸಲ ತಟ್ಟಿ ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು. ಎಲೆ ಇಟ್ಟ ಹಾಗೆಯೇ ಇತ್ತು. ನಾನು ಹೊಸಿಲಲ್ಲೇ ನಿಂತೆ. ಅಮ್ಮ ನೇರ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ನನ್ನ ಕೈಗೆ ಕೊಟ್ಟಳು. ಮಾವ ತಡೆದರು. "ಅಕ್ಕಾ, ಒಮ್ಮೆ ಬಾಗಿಲು ತೆಗೆದ ಮೇಲೆ ಮತ್ತೆ ಬಡಿಸುವ ಕ್ರಮ ನಮ್ಮಲ್ಲಿಲ್ಲ. ಭಾವ ಹೋಗಿ ಆಯ್ತು."

"ಅವರ ನಡಿಗೆ ನನಗೆ ಗೊತ್ತುಂಟು. ಇನ್ನೂ ಎರಡನೇ ಮಾಳಿಗೆ ಇಳಿದಿರಲಿಕ್ಕಿಲ್ಲ" ಅಂದಳು ಅಮ್ಮ.

ಮಾವ ಬದಿಗೆ ಸರಿದರು. ನಾನು ಎಲೆಯ ಮುಂದೆ ಕೂತೆ. ಚಿಟಿಕೆ ಹಿಡಿದ ಕೈ ಅಲ್ಲೇ ನಿಂತಿತು. ಎಷ್ಟು ಹಾಕಲಿ? ನಿಮಗೆ ಎಷ್ಟು ಬೇಕು ಅಂತ ಹನ್ನೊಂದು ತಿಂಗಳಲ್ಲಿ ನಾನು ಒಂದು ದಿನವೂ ಕೇಳಲಿಲ್ಲವಲ್ಲ. ಚಿಟಿಕೆಯನ್ನು ತಿರುಗಿ ಡಬ್ಬಿಗೇ ಹಾಕಿದೆ. ಮುಚ್ಚಳ ತೆಗೆದು ಡಬ್ಬಿಯನ್ನು ಎಲೆಯ ಬಲಗಡೆ, ನಿಮ್ಮ ಕೈಗೆ ಸಿಗುವ ಹಾಗೆ ಇಟ್ಟೆ. ಫೋನು ಎತ್ತಿಕೊಂಡು ಹೊರಗೆ ಬಂದೆವು. ಬಾಗಿಲು ಮತ್ತೆ ಎಳೆದುಕೊಂಡದ್ದು ಮಾವನೇ.

ಈಗ ಎರಡನೇ ಸಲ ಅದೇ ಮೆಟ್ಟಿಲ ಮೇಲೆ ಕೂತಿದ್ದೇನೆ. ಒಂದು ಗಂಟೆಯ ಅಲಾರಂ ತೆಗೆದುಹಾಕಿದ್ದೇನೆ. ಬಾಗಿಲಿಗೆ ಕಿವಿ ಇಡುವುದಿಲ್ಲ, ಗಡಿಯಾರ ನೋಡುವುದಿಲ್ಲ. ನಿಧಾನಕ್ಕೆ ಉಣ್ಣಿ ಪಪ್ಪಾ. ಎಷ್ಟು ಬೇಕೋ ಅಷ್ಟು ನೀವೇ ಹಾಕಿಕೊಳ್ಳಿ.

ನಿಮ್ಮ ಮಗಳು