ತಂತಿಬೇಲಿಯೊಳಗಿನ ಸಂಸಾರ

ಶಂಕರಪುರಂ, ಬೆಂಗಳೂರು
14 ಡಿಸೆಂಬರ್ 2025

ಪ್ರೀತಿಯ ವಿಶಾಖಕ್ಕ,

ನಿನಗೂ ಭಾವನಿಗೂ ನಮಸ್ಕಾರ, ತೇಜಶ್ರೀಗೆ ಒಂದು ಮುತ್ತು. ನಾನು ವಾಪಸ್ ಬಂದು ಎಂಟು ತಿಂಗಳಾದರೂ ನಿನಗೆ ಎರಡು ಸಾಲು ಬರೆಯಲಿಲ್ಲ, ತಪ್ಪಾಯಿತು. ಮೆಸೇಜಾದರೂ ಮಾಡಬಹುದಿತ್ತಲ್ಲ ಎನ್ನುತ್ತೀಯ. ಮೊಬೈಲಿನಲ್ಲಿ ಟೈಪ್ ಮಾಡಲು ಹೋದರೆ ಈಗಲೂ ಬೆರಳುಗಳು ಮರಗಟ್ಟುತ್ತವೆ. ಅದಕ್ಕೇ ಪೆನ್ನು ಹಿಡಿದೆ. ಅಕ್ಷರ ನೋಡಿ ಬೈಯಬೇಡ, ಮೇಡಂಗಿರಿ ಶಾಲೆಯಲ್ಲೇ ಇರಲಿ.

ಮೊದಲು ಒಳ್ಳೆಯ ಸುದ್ದಿ. ಚಾಮರಾಜಪೇಟೆಯ ಹಳೇ ಪ್ರೆಸ್ಸಿನಲ್ಲೇ ಮತ್ತೆ ಕೆಲಸ ಸಿಕ್ಕಿದೆ. ಕಂಪ್ಯೂಟರ್ ಮುಂದೆ ಕೂರಲಾರೆ ಎಂದೆ. ಮಾಲೀಕರು ರೇವಣಸಿದ್ದಯ್ಯನವರು ಏಕೆ ಎಂದು ಕೇಳದೆ ಬೈಂಡಿಂಗ್‌ಗೆ ಹಾಕಿದರು. ದಿನವಿಡೀ ಅಂಟು, ದಾರ, ಹೊಸ ಕಾಗದದ ವಾಸನೆ. ಚೆನ್ನಾಗಿದ್ದೇನೆ ಅಕ್ಕ. ಮೂರು ಇಡ್ಲಿ ತಿನ್ನುತ್ತಿದ್ದವನು ಈಗ ಐದು ತಿನ್ನುತ್ತೇನೆ. ಜೊತೆಗೆ ಕುಶಾಲ್ ಇದ್ದಾನೆ. ಅವನು ಯಾರೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲ.

ಕನ್ನಡ ಟೈಪಿಂಗ್ ಕೆಲಸವೆಂದು ಏಜೆಂಟ್ ನನ್ನನ್ನು ವಿಮಾನ ಹತ್ತಿಸಿದನಲ್ಲ, ಹಾಗೆಯೇ ಹೋಟೆಲ್ ಅಡುಗೆ ಕೆಲಸವೆಂದು ವೈಯಾಲಿಕಾವಲ್‌ನ ಕುಶಾಲ್‌ನನ್ನೂ ಹತ್ತಿಸಿದ್ದ. ಇಬ್ಬರೂ ಹೋಗಿ ಬಿದ್ದದ್ದು ಸೈನ್ಯ ಆಳುವ ಆ ದೇಶದ ಗಡಿಯ ಕ್ಯಾಂಪಿಗೆ. ಪಾಸ್‌ಪೋರ್ಟ್ ಕಿತ್ತುಕೊಂಡರು. ಎತ್ತರದ ಗೋಡೆ, ಅದರ ಮೇಲೆ ಮುಳ್ಳುತಂತಿ, ಗೇಟಿನಲ್ಲಿ ಬಂದೂಕು ಹಿಡಿದ ಸಿಪಾಯಿಗಳು. ದಿನಕ್ಕೆ ಹದಿನಾರು ಗಂಟೆ ಹೆಣ್ಣಿನ ಹೆಸರಿನಲ್ಲಿ ಯಾವ್ಯಾವುದೋ ಊರಿನ ಒಂಟಿ ಗಂಡಸರಿಗೆ ಪ್ರೀತಿಯ ಮಾತು ಟೈಪ್ ಮಾಡಿ ಮೋಸದಿಂದ ದುಡ್ಡು ಕೀಳುವುದು ನನ್ನ ಕೆಲಸ. ಕುಶಾಲ್‌ಗೆ ಅಷ್ಟೂ ಜನರ ಅಡುಗೆ. ತಪ್ಪಿದರೆ ಹೊಡೆತ.

ಅಕ್ಕ, ನಾನು ಗಂಡಸರನ್ನು ಇಷ್ಟಪಡುವವನು. ನಿನಗೆ ಇದು ಗೊತ್ತಿಲ್ಲದ್ದಲ್ಲ, ಬಾಯಿಬಿಟ್ಟು ಹೇಳುತ್ತಿರುವುದು ಮಾತ್ರ ಇದೇ ಮೊದಲು. ಕುಶಾಲ್ ಕೂಡ ಹಾಗೆಯೇ. ಒಂದು ದಿನ ನಾವಿಬ್ಬರೂ ಕೈ ಹಿಡಿದು ಕೂತದ್ದನ್ನು ಸೂಪರ್‌ವೈಸರ್ ನೋಡಿದ. ಹಿಂಭಾಗದ ತಗಡಿನ ಶೆಡ್ಡಿಗೆ ನೂಕಿಸಿದ. ನಮ್ಮಂಥವರೇ ಇನ್ನಿಬ್ಬರು ಅಲ್ಲಿದ್ದರು, ಒಬ್ಬ ಫಿಲಿಪೀನ್ಸ್‌ನವನು, ಇನ್ನೊಬ್ಬ ಇಥಿಯೋಪಿಯಾದವನು. ನಮ್ಮ ಜೊತೆ ಬೇರೆ ಯಾರೂ ಮಾತಾಡಕೂಡದು, ನಮಗೆ ಎರಡರಷ್ಟು ಕೆಲಸ.

ಆ ವಾರ ನಾನು ಮಾತನ್ನೇ ಬಿಟ್ಟೆ. ಮಧ್ಯಾಹ್ನ ಗಂಜಿಯ ತಟ್ಟೆ ಹಿಡಿದು ಕೂತಿದ್ದಾಗ ಕುಶಾಲ್ ಪಕ್ಕಕ್ಕೆ ಬಂದು, "ಬಾಡಿಗೆಗೆ ಒಂದು ಮನೆ ನೋಡಿದೀನಿ ಕಣೋ. ಶಂಕರಪುರಂ, ಮಹಡಿ ಮೇಲೆ. ನೀರು ದಿನ ಬಿಟ್ಟು ದಿನ ಬರುತ್ತೆ. ಆಗುತ್ತಾ?" ಎಂದ.

ಇವನಿಗೆ ತಲೆ ಕೆಟ್ಟಿತು ಎಂದುಕೊಂಡೆ. ಆದರೂ ಬಾಯಿ ತಾನಾಗಿ ಕೇಳಿತು, "ಬಾಲ್ಕನಿ ಇದ್ಯಾ?"

"ಇದೆ. ಆದ್ರೆ ಪಾರಿವಾಳದ ಕಾಟ ಜಾಸ್ತಿ."

ಹೀಗೆ ನಮ್ಮ ಸಂಸಾರ ಶುರುವಾಯಿತು. ದಿನಾ ಊಟದ ಹೊತ್ತಿಗೆ, ಬರೀ ಮಾತಿನಲ್ಲೇ, ಆ ಮನೆಯ ಒಂದು ದಿನ. ಕುಶಾಲ್‌ದು ಒಂದೇ ಕಟ್ಟಪ್ಪಣೆ, ಯಾವುದನ್ನೂ ಹಾರಿಸುವಂತಿಲ್ಲ. ತರಕಾರಿ ಬೇಕೆಂದರೆ ಮೆಟ್ಟಿಲಿಳಿದು ಒಂದೊಂದು ತಿರುವನ್ನೂ ಹೇಳುತ್ತ ಗಾಂಧಿ ಬಜಾರ್ ತನಕ ನಡೆಯಬೇಕು, ಚೌಕಾಸಿ ಮಾಡಬೇಕು, ಚೀಲ ಹೊತ್ತು ವಾಪಸ್ ಬರಬೇಕು. ಕೊತ್ತಂಬರಿ ಮರೆತೆನೆಂದು ಎರಡು ದಿನ ಮುನಿಸಿಕೊಂಡಿದ್ದ. ಇಷ್ಟು ಜಗಳ ಯಾಕೆಂದು ಉಳಿದಿಬ್ಬರೂ ಹರಕು ಇಂಗ್ಲಿಷಿನಲ್ಲಿ ಕೇಳಿದರು. ಹೇಳಿದೆವು. ಮಾರನೆಯ ದಿನ ಅವರೂ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬಂದರು. ಇಥಿಯೋಪಿಯಾದವನು ತಾರಸಿಯಲ್ಲಿ ಕಾಫಿಬೀಜ ಹುರಿಯುವ ಒಲೆ ಹೂಡಿದ. ಫಿಲಿಪೀನ್ಸ್‌ನವನು ಮೈಕ್ ತಂದು ಹಾಡಿ ಅಕ್ಕಪಕ್ಕದವರಿಂದ ಬೈಸಿಕೊಂಡ. ಅಂಥ ಶೆಡ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ ಅಂದರೆ ನಂಬುತ್ತೀಯಾ?

ಒಮ್ಮೆ ಪಾಪದ ಮುದುಕನೊಬ್ಬನಿಗೆ 'ಇದೆಲ್ಲ ಸುಳ್ಳು, ಏನೂ ಕಳಿಸಬೇಡಿ' ಎಂದು ಬರೆದು ಸಿಕ್ಕಿಬಿದ್ದೆ. ಮೂರು ದಿನ ಬಿಸಿಲಿನಲ್ಲಿ ಅಂಗಳದ ನಡುವೆ ನಿಲ್ಲಿಸಿದರು. ಕೂತರೆ ಕೋಲು. ಕುಶಾಲ್ ಅಡುಗೆಮನೆಗೆ ನೀರು ಹೊರುತ್ತ ನನ್ನೆದುರೇ ಹಾದುಹೋಗಬೇಕಿತ್ತು. ಒಂದೊಂದು ಸಲಕ್ಕೂ ಒಂದೊಂದು ಮಾತು ಎಸೆದು ಹೋಗುತ್ತಿದ್ದ.

"ಗ್ಯಾಸ್ ಖಾಲಿ. ಬುಕ್ ಮಾಡಿದ್ಯಾ?"

"ಟ್ಯಾಂಕ್ ತುಂಬಿ ಹರೀತಿದೆ, ಮೋಟ್ರು ಆಫ್ ಮಾಡೋ!"

ಏನು ಗೊಣಗುತ್ತೀ ಎಂದು ಸಿಪಾಯಿ ಗದರಿದಾಗ, ಪ್ರಾರ್ಥನೆ ಎಂದನಂತೆ. ಮೂರನೆಯ ದಿನ ಕಣ್ಣು ಕತ್ತಲಿಟ್ಟು ಮಂಡಿ ಮಡಿಯುತ್ತಿತ್ತು. ಅವನು ಬಕೆಟ್ ಕೆಳಗಿಟ್ಟು ಕೈ ಬದಲಿಸುವವನ ಹಾಗೆ ನಿಂತ. "ಬೀಗದ ಕೈ ನಿನ್ ಹತ್ರ ಇದೆ. ನಾನು ಬಾಗ್ಲಲ್ಲೇ ನಿಂತಿದೀನಿ. ಬೀಳ್ಬೇಡ ಕಣೋ," ಎಂದ. ಅಳುತ್ತಿದ್ದ. ನಾನು ಬೀಳಲಿಲ್ಲ.

ಏಪ್ರಿಲ್‌ನಲ್ಲಿ ಸರ್ಕಾರಗಳ ನಡುವೆ ಮಾತಾಗಿ ಗೇಟು ತೆರೆದರು. ಆ ಇಬ್ಬರೂ ಅವರವರ ಊರು ಸೇರಿದ್ದಾರೆ. ನಾವು ಶಂಕರಪುರದಲ್ಲೇ ಹುಡುಕಿ ಹುಡುಕಿ ಮಹಡಿಯ ಎರಡು ಕೋಣೆ ಹಿಡಿದೆವು. ಬಾಲ್ಕನಿ ಇಲ್ಲ, ಪಾರಿವಾಳ ಮಾತ್ರ ಧಾರಾಳ. ಓನರ್ ಲಕ್ಷ್ಮೀದೇವಮ್ಮನವರು ಮೊದಲ ದಿನ, "ನೀವಿಬ್ರೂ ಏನಾಗ್ಬೇಕಪ್ಪಾ?" ಎಂದರು.

"ಒಟ್ಟಿಗೆ ಬಾಳೋರು ಅಮ್ಮಾ," ಎಂದ ಕುಶಾಲ್.

ಅವರು ಕನ್ನಡಕ ಸರಿಮಾಡಿಕೊಂಡು ಇಬ್ಬರನ್ನೂ ನೋಡಿದರು. "ಸರಿ. ಬಟ್ಟೆ ಹಿಂಡಿದ ನೀರು ನನ್ನ ತುಳಸಿ ಮೇಲೆ ಬೀಳ್ಬಾರ್ದು, ನೋಡಿ ಮತ್ತೆ," ಎಂದು ಕೀಲಿ ಕೊಟ್ಟರು.

ಕುಶಾಲ್ ಮಲ್ಲೇಶ್ವರದ ಕ್ಯಾಂಟೀನೊಂದರಲ್ಲಿ ಅಡುಗೆಗೆ ಸೇರಿದ್ದಾನೆ. ಈಗ ನೆಲದ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಾನೆ. ಮನೆಯೆಲ್ಲ ಸೊಗಡಿನ ವಾಸನೆ. ಅಕ್ಕನಿಗೆ ನನ್ನ ನಮಸ್ಕಾರ ಬರೆ ಎನ್ನುತ್ತಿದ್ದಾನೆ, ಬರೆದಿದ್ದೇನೆ.

ಭಾವನ ಮಂಡಿನೋವು ಬೇಗ ವಾಸಿಯಾಗಲಿ. ತೇಜಶ್ರೀ ಈ ಸಲ ಗಣಿತಕ್ಕೆ ಹೆದರದಿರಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ತಮ್ಮ,
ಸುಮನ್

ತಾ.ಕ.: ಏರ್‌ಪೋರ್ಟಿಗೆ ಬಂದು ನೀನು ನನ್ನನ್ನು ತಬ್ಬಿಕೊಂಡು ಅತ್ತೆ. ಹಿಂದೆ ನಿಂತಿದ್ದ ಕುಶಾಲ್‌ನನ್ನು ನೋಡಿ ನನ್ನ ಕಿವಿಯಲ್ಲಿ, "ಅವನನ್ನ ಮಾತ್ರ ನಮ್ಮನೆಗೆ ಕರ್ಕೊಂಡ್ ಬರ್ಬೇಡ ಕಣೋ, ಹೆಣ್ಣುಮಗು ಇರೋ ಮನೆ," ಎಂದೆ. ಅವನಿಗೆ ಕೇಳಿಸಲಿಲ್ಲ. ಟ್ಯಾಕ್ಸಿಯಲ್ಲಿ ಕೂತ ಮೇಲೆ, "ಅಕ್ಕ ಏನಂದ್ರು?" ಎಂದು ಕೇಳಿದ. "ಒಂದ್ ಭಾನುವಾರ ಊಟಕ್ಕೆ ಬರ್ತಾರಂತೆ," ಎಂದುಬಿಟ್ಟೆ. ಯಾವ ಭಾನುವಾರ ಎಂದು ಅವನು ಇನ್ನೂ ಕೇಳುತ್ತಲೇ ಇದ್ದಾನೆ, ಅಕ್ಕ.