ಹನ್ನೆರಡರಂತೆ ಏಳು ರೊಪ್ಪ

ದೇವಸಮುದ್ರ
೧೫ ಸೆಪ್ಟೆಂಬರ್ ೨೦೨೪

ಮಗಳು ಗಂಗಲಕ್ಷ್ಮಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಬರೆಯಲು ಕೂತಾಗಲೆಲ್ಲ ಕೈ ಹಿಂದೆ ಸರಿಯಿತು, ಬೈಯಬೇಡ. ಚಳ್ಳಕೆರೆಯ ಹಾಸ್ಟೆಲಿನಲ್ಲಿ ಹೊಟ್ಟೆ ತುಂಬ ಉಣ್ಣುತ್ತೀಯಾ? ನೀನು ಎರಡು ಪ್ರಶ್ನೆ ಕೇಳಿದ್ದೆ. ಸಾಮಾನ್ಯ ಅಪವರ್ತನ ತಲೆಗೆ ಹತ್ತುತ್ತಿಲ್ಲ, ಹೇಳಿಕೊಡು ಅಂತ ಒಂದು. ದಸರಾ ರಜಕ್ಕೆ, ಅಪ್ಪ, ನಿನ್ನ ಹತ್ತಿರ ಬರಲೋ ದೊಡ್ಡಮ್ಮನ ಮನೆಗೋ ಅಂತ ಇನ್ನೊಂದು. ಸುಲಭದ್ದನ್ನು ಮೊದಲು ಹೇಳುತ್ತೇನೆ.

ಓಬಳಪ್ಪನವರು ತಮ್ಮ ಹೊಲಕ್ಕೆ ಗೊಬ್ಬರವಾಗಲಿ ಅಂತ ನನ್ನ ಕುರಿಯನ್ನೂ ನಿನ್ನ ದೊಡ್ಡಪ್ಪನ ಕುರಿಯನ್ನೂ ಕರೆಸಿದ್ದರು. ಮನೆ ಹಿಸ್ಸೆಯಾಗಿ ಕುರಿ ಹಂಚಿಕೊಂಡ ಮೇಲೆ ನಾವಿಬ್ಬರೂ ಒಂದೇ ಹೊಲಕ್ಕೆ ಇಳಿದದ್ದು ಇದೇ ಮೊದಲು. ಅವನವು ನಲವತ್ತೆಂಟು, ನನ್ನವು ಮೂವತ್ತಾರು. "ರಾತ್ರಿ ಕುರಿ ಕೂಡಾಕೋಕೆ ಬಲೆ ಕಟ್ಟಿ ರೊಪ್ಪ ಮಾಡ್ರಪ್ಪ. ಎಲ್ಲಾ ರೊಪ್ಪದಾಗೂ ಒಂದೇ ಲೆಕ್ಕ ಇರ್ಲಿ, ಗೊಬ್ಬರ ಸಮ ಬೀಳ್ಬೇಕು. ಅಣ್ತಮ್ಮರ ಕುರಿ ಮಾತ್ರ ಬೆರೆಸ್ಬ್ಯಾಡ್ರಿ," ಎಂದರು. ನಾನು ಏಳನೇ ಕ್ಲಾಸಿಗೆ ಬಿಟ್ಟವನು, ಆದರೂ ಕಡ್ಡಿ ಹಿಡಿದು ನೆಲದ ಮೇಲೆ ಬರೆದೆ. ಎರಡೂ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವವು ಒಂದು, ಎರಡು, ಮೂರು, ನಾಲ್ಕು, ಆರು, ಹನ್ನೆರಡು. ಇವೇ ನಿನ್ನ ಸಾಮಾನ್ಯ ಅಪವರ್ತನಗಳು. ಬಲೆ ಕಡಿಮೆ ಇತ್ತು, ಅದಕ್ಕೇ ರೊಪ್ಪ ಕಡಿಮೆಯಾಗಲಿ ಅಂತ ಎಲ್ಲಕ್ಕಿಂತ ದೊಡ್ಡದನ್ನು ಹಿಡಿದೆ. ಹನ್ನೆರಡರಂತೆ ಅವನಿಗೆ ನಾಲ್ಕು ರೊಪ್ಪ, ನನಗೆ ಮೂರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ತಟ್ಟಲು ಬೇರೆ ಯಾರಿದ್ದಾರೆ.

ಬೆಳಿಗ್ಗೆ ಎಣಿಸಿದರೆ ನನ್ನದೊಂದು ರೊಪ್ಪದಲ್ಲಿ ಒಂಬತ್ತೇ. ಮೂರು ಕುರಿ ಬಲೆಯಡಿ ನುಸುಳಿ ಹೋಗಿ ಅಣ್ಣನ ರೊಪ್ಪದಲ್ಲಿ ಹಳೆಯ ಜೊತೆಗಾರರ ಪಕ್ಕ ಮಲಗಿದ್ದವು. ಹಿಸ್ಸೆಯಾದದ್ದು ಅವಕ್ಕೇನು ಗೊತ್ತು, ಅದನ್ನು ನಾನು ಲೆಕ್ಕಕ್ಕೇ ತಂದಿರಲಿಲ್ಲ. ಎಂಟು ತಿಂಗಳಿಂದ ಮಾತು ಬಿಟ್ಟಿದ್ದ ಅಣ್ಣ, "ಲೇ, ನಿನ್ನವು ಮೂರು ಇಲ್ಲಿ ಬಂದವೆ. ಹೊಡ್ಕೊಂಡ್ ಹೋಗು," ಎಂದ. ಇನ್ನೊಂದು ಮಾತಿಗೆ ಕಾದು ನಿಂತೆ. ಅವನು ಬಲೆಯ ಗೂಟ ಕೀಳತೊಡಗಿದ. ಆವತ್ತಿಡೀ ಕುರಿಗಳ ಜೊತೆಗೇ ಮಾತಾಡಿದೆ.

ಚೆನ್ನಾಗಿ ಓದು, ತಲೆಗೆ ಎಣ್ಣೆ ಹಚ್ಚಿಕೋ. ಊರಮ್ಮ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಪ್ಪ
ಹನುಮಂತರಾಯ

ಕಾಗದ ಮಡಚುವ ಮುಂಚೆ ಇನ್ನೊಂದು: ನಿನ್ನ ಎರಡನೆಯ ಪ್ರಶ್ನೆಯಿಂದ ತಪ್ಪಿಸಿಕೊಂಡೆ. ನಿನ್ನ ಅವ್ವ ನಿನ್ನನ್ನು ಹೆತ್ತು ತೀರಿಕೊಂಡಾಗ ಎದೆಹಾಲು ಕೊಟ್ಟವಳು ದೊಡ್ಡಮ್ಮ ಪಾತಮ್ಮ. ಕುರಿ ಹಂಚಿದ ದಿನ ಅವಳು ನಿನ್ನ ಕೈ ಹಿಡಿದು, "ಇವ್ಳು ಯಾರ ಪಾಲಿಗೆ?" ಎಂದಳು. ನಾನು ಸಿಟ್ಟಿನಲ್ಲಿ ಆ ಕೈ ಬಿಡಿಸಿದೆ. ನಿನ್ನನ್ನು ಹಾಸ್ಟೆಲಿಗೆ ಹಾಕಿದ್ದು ಓದಲಿ ಅಂತ ಅಲ್ಲ, ಅವಳ ಮನೆಗೆ ಹೋಗದಿರಲಿ ಅಂತ. ರಜಕ್ಕೆ ಬಸ್ಸಿಳಿದು ನೆಟ್ಟಗೆ ಅಲ್ಲಿಗೇ ಹೋಗು. ಸಂಜೆ ಒಂದು ಸಲ ಬಾಗಿಲಿಗೆ ಬಂದು ನಿಲ್ಲು, ನಾನು ಕುರಿ ಹೊಡೆದುಕೊಂಡು ಆ ಬೀದಿಯಲ್ಲೇ ಬರುತ್ತೇನೆ.