ಮಾವನ ಎಡೆಗೆ ಕಾಫಿ

೨ ಅಕ್ಟೋಬರ್ ೨೦೨೪, ಬುಧವಾರ

ಮಹಾಲಯ ಅಮಾವಾಸ್ಯೆ ಅಂತೂ ಮುಗೀತು. ಗಾಂಧಿ ಜಯಂತಿಗೆ ಬಾರ್ ಮುಚ್ಚಿರುತ್ತೆ ಅಂತ ಅತ್ತೆ ನಿನ್ನೆಯೇ ಮಾವನ ಎಡೆಗೆ ಬ್ರಾಂದಿ ತರಿಸಿಟ್ಟಿದ್ದರು. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಇಡಬೇಕು, ಆಮೇಲೆ ಹಿರಿಮಗ ಅದನ್ನು ಪ್ರಸಾದ ಅಂತ ಕುಡಿಯಬೇಕು. ಹಿರಿಮಗ ಅಂದರೆ ನಮ್ಮ ಯಜಮಾನರು. ಯುಗಾದಿಯಿಂದ ಇವರು ಒಂದು ತೊಟ್ಟೂ ಮುಟ್ಟಿಲ್ಲ. ಬೆಳಗಿಂದ ನನಗೆ ಅದೇ ಸಂಕಟ.

“ಒಂದು ಗುಟುಕಿಗೆ ಏನಾಗಲ್ಲ ಕಣಣ್ಣ,” ಅಂದ ಮೈದುನ ಮೋಹನ್. ಇವನ ಬಾಯಿಗಿಷ್ಟು!

ಮಗಳು ಬಿಂದು ಬಿಡಲಿಲ್ಲ. “ಕುಡೀದೇ ಇರೋರಿಗೆ ಟೀಟೋಟಲರ್ ಅನ್ನೋ ಮಾತು ಹುಟ್ಟಿದ್ದೇ ಇದಕ್ಕಂತೆ ಚಿಕ್ಕಪ್ಪ. ಇಂಗ್ಲೆಂಡಲ್ಲಿ ಬ್ರಾಂದಿ ಬಿಟ್ಟೆ ಅಂತ ಆಣೆ ಮಾಡಿ ಬಿಯರ್ ಕುಡೀತಿದ್ರಂತೆ. ಅದೂ ಬೇಡ ಅಂದೋರು, ಒತ್ತಿ ಹೇಳೋಕೆ ಟೋಟಲ್ ಮುಂದೆ ಅದರ ಮೊದಲಕ್ಷರ ಟೀನೂ ಸೇರಿಸಿದ್ರಂತೆ. ಪೂರ್ತಿ ಅಂದ್ರೆ ಪೂರ್ತಿ.”

ಅತ್ತೆ ಬಾಟಲಿಯನ್ನು ಬಚ್ಚಲಿಗೆ ಸುರಿದು ಬಂದು, ಎಡೆ ಮುಂದೆ ಒಂದು ಲೋಟ ಕಾಫಿ ಇಟ್ಟರು.

“ಅಪ್ಪನಿಗೆ ಕಾಫಿ ಸೇರ್ತಿರಲಿಲ್ವಲ್ಲಮ್ಮ,” ಅಂದ ಮೋಹನ್.

“ಇದ್ದಾಗ ಕುಡಿಯೋದು ಬುಡಿ, ಬುಡಿ ಅಂತ ಬೇಡ್ಕೊಂಡು ಸಾಕಾಗೋಯ್ತು. ಈಗಲಾದ್ರೂ ಬುಡ್ಲಿ ಕಣೋ.”